ಹ್ಯೂಸ್ಟನ್ನಿನ ರ‍್ಯಾಪ್, ನಮ್ಮ ಎರಡು ತಕ್ಕಡಿ

2023ರ ಜುಲೈ 28, ಶುಕ್ರವಾರ. ಅಂದು ನಮ್ಮ ಹ್ಯೂಸ್ಟನ್ನಿಗೆ ಸಂಬಂಧಪಟ್ಟ ಎರಡು ದಾಖಲೆಗಳು ಒಂದೇ ದಿನ ಹೊರಬಂದವು. ಒಂದು, ಟ್ರಾವಿಸ್ ಸ್ಕಾಟ್ ಎಂಬ ರ‍್ಯಾಪ್ ಗಾಯಕನ ‘ಯುಟೋಪಿಯಾ’ ಎಂಬ ಆಲ್ಬಂ. ಅದರಲ್ಲಿ 19 ಹಾಡು. ಇನ್ನೊಂದು, ಅದೇ ಗಾಯಕನ ಕಾರ್ಯಕ್ರಮದಲ್ಲಿ ಜನಸಂದಣಿಗೆ ಸಿಕ್ಕಿ ಸತ್ತ ಹತ್ತು ಜನರ ಬಗ್ಗೆ ಹ್ಯೂಸ್ಟನ್ ಪೊಲೀಸರ ತನಿಖಾ ವರದಿ. ಅದರಲ್ಲಿ 1,266 ಪುಟ. ಆಲ್ಬಂ ಮೊದಲ ವಾರದಲ್ಲೇ 4,96,000 ಪ್ರತಿಗಳ ಮಾರಾಟಕ್ಕೆ ಸಮನಾದ ಲೆಕ್ಕ ತೋರಿಸಿ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ವರದಿಯನ್ನು ಓದಿದವರು, ನನ್ನ ಊಹೆಯಲ್ಲಿ, ವಕೀಲರು, ಪತ್ರಕರ್ತರು ಮತ್ತು ಸತ್ತವರ ಮನೆಯವರು.

ಸ್ಮರಣ ಸಂಚಿಕೆಗೆ ಇದೆಂಥ ವಿಷಯ ಎಂದು ಹಿರಿಯ ಓದುಗರು ಹುಬ್ಬೇರಿಸಬಹುದು. ಆದರೆ ಈ ಗಾಯಕ ನಮಗೆ ಅಷ್ಟೇನೂ ದೂರದವನಲ್ಲ. ಜಾಕ್ ವೆಬ್‌ಸ್ಟರ್ ಎಂಬ ಹೆಸರಿನ ಈತ ಬೆಳೆದದ್ದು ಮಿಸೌರಿ ಸಿಟಿಯಲ್ಲಿ. ನಮ್ಮ ಸಂಘದ ಎಷ್ಟೋ ಮನೆಗಳು ಇರುವುದು ಅಲ್ಲೇ, ಇಲ್ಲವೇ ಪಕ್ಕದ ಶುಗರ್ ಲ್ಯಾಂಡಿನಲ್ಲಿ. 2018ರಲ್ಲಿ ಈತನಿಗೆ ದೊಡ್ಡ ಹೆಸರು ತಂದ ಆಲ್ಬಂ ‘ಆಸ್ಟ್ರೋವರ್ಲ್ಡ್’. ಅದು 610 ಲೂಪಿನ ಪಕ್ಕದಲ್ಲಿದ್ದು 2005ರಲ್ಲಿ ಮುಚ್ಚಿಹೋದ ಮೋಜಿನ ಪಾರ್ಕಿನ ಹೆಸರು. ಎಂಬತ್ತು ತೊಂಬತ್ತರ ದಶಕದಲ್ಲಿ ಇಲ್ಲಿಗೆ ಬಂದು ನೆಲೆಸಿದವರು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಬಿಸಿಲಿನಲ್ಲಿ ಕ್ಯೂ ನಿಂತು, ಡಬ್ಬಿಯಲ್ಲಿ ಒಯ್ದ ಚಿತ್ರಾನ್ನವನ್ನು ಪಾರ್ಕಿಂಗ್ ಲಾಟಿನಲ್ಲಿ ತಿಂದವರೇ. ಆ ಪಾರ್ಕಿನ ಹೆಸರಿನಲ್ಲೇ ಈತ ಸಂಗೀತೋತ್ಸವ ಶುರುಮಾಡಿದ. 2021ರ ನವೆಂಬರ್ 5ರ ರಾತ್ರಿ, ಹಳೆಯ ಪಾರ್ಕಿದ್ದ ಜಾಗಕ್ಕೆ ಎದುರಾಗಿರುವ ಎನ್‌ಆರ್‌ಜಿ ಪಾರ್ಕಿನಲ್ಲಿ ಸುಮಾರು 50,000 ಜನ ಸೇರಿದ್ದರು. ಸತ್ತ ಹತ್ತು ಜನರಲ್ಲಿ ಅತಿ ಕಿರಿಯ ಒಂಬತ್ತು ವರ್ಷದ ಹುಡುಗ. ಅತಿ ಹಿರಿಯನಿಗೆ 27. ಭಾರತೀಯ ಮನೆತನದ ಒಬ್ಬ ಹೆಣ್ಣುಮಗಳೂ ಅವರಲ್ಲಿದ್ದಳು.

‘ಯುಟೋಪಿಯಾ’ ಬಂದ ಮೇಲೆ ನಮ್ಮ ಹುಡುಗ ಹುಡುಗಿಯರ ನಡುವೆ ನಡೆದ ವಾದವನ್ನು ನಾನು ಆಸಕ್ತಿಯಿಂದ ಕೇಳಿಸಿಕೊಂಡಿದ್ದೇನೆ. ಸಂಘದ ಪಿಕ್ನಿಕ್ಕಿನಲ್ಲಿ, ಕೇಟಿಯ ಒಂದು ಗೃಹಪ್ರವೇಶದಲ್ಲಿ, ಸೈಪ್ರೆಸ್ಸಿನ ನಮ್ಮದೇ ಹಿತ್ತಲಿನಲ್ಲಿ. ನಿವೃತ್ತನಾದ ಮೇಲೆ ಹೀಗೆ ಕಿವಿಗೊಡಲು ಪುರುಸೊತ್ತು ಸಿಕ್ಕಿದೆ. ಅವರ ವಾದದ ಮಟ್ಟ ನೋಡಿ ನನಗೆ ಆಶ್ಚರ್ಯವಾಯಿತು. ಒಬ್ಬ ಹೇಳಿದ: ‘ಹ್ಯಾರಿಸ್ ಕೌಂಟಿಯ ಗ್ರ್ಯಾಂಡ್ ಜ್ಯೂರಿ 2023ರ ಜೂನಿನಲ್ಲೇ ಆರೋಪ ಹೊರಿಸುವುದಿಲ್ಲ ಎಂದಿದೆ ಅಂಕಲ್, ಇನ್ನೇನು?’ ಇನ್ನೊಬ್ಬಳು ಅವನನ್ನು ಬಿಡಲಿಲ್ಲ: 2015ರಲ್ಲಿ ಶಿಕಾಗೋದ ಕಾರ್ಯಕ್ರಮದಲ್ಲಿ, 2017ರಲ್ಲಿ ಆರ್ಕನ್ಸಾದಲ್ಲಿ ಜನರನ್ನು ಬೇಲಿ ದಾಟಿ ಮುನ್ನುಗ್ಗಲು ಹುರಿದುಂಬಿಸಿದ ಪ್ರಕರಣಗಳಲ್ಲಿ ಅವನೇ ತಪ್ಪೊಪ್ಪಿಕೊಂಡಿದ್ದನಲ್ಲ, ಅದು? ಮೂರನೆಯವನ ಆಕ್ಷೇಪ ಬೇರೆ. ದೊಡ್ಡ ಕಂಪನಿ ಕಾರ್ಯಕ್ರಮ ನಡೆಸುತ್ತದೆ, ನಗರ ಪರವಾನಗಿ ಕೊಡುತ್ತದೆ, ಕೊನೆಗೆ ಎಲ್ಲರ ಬೆರಳೂ ಒಬ್ಬ ಕಪ್ಪು ಯುವಕನ ಕಡೆಗೇ ಏಕೆ? ನಾಲ್ಕನೆಯವಳು ಕಾನ್ಯೆ ವೆಸ್ಟ್‌ನ ಮಾತೆತ್ತಿದಳು. 2022ರಲ್ಲಿ ಯೆಹೂದಿಗಳ ಬಗ್ಗೆ ಆಡಿದ ಮಾತಿಗಾಗಿ ಇನ್ನು ಅವನನ್ನು ಕೇಳುವುದಿಲ್ಲ ಎಂದು ಶಪಥ ಮಾಡಿದವರು ಈಗ ‘ಯುಟೋಪಿಯಾ’ ಕೇಳುತ್ತಿದ್ದಾರೆ; ಅದರ ಕೆಲವು ಹಾಡುಗಳ ಹಿಂದೆ ಅವನದೇ ಕೈ ಇದೆ. ಒಬ್ಬರಿಗೂ ಇನ್ನೊಬ್ಬರ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಆದರೆ ಎಲ್ಲರೂ ಪ್ರಶ್ನೆ ಎತ್ತಿದರು.

ನಮ್ಮ ಪೀಳಿಗೆ ಅದೇ ವಿಷಯವನ್ನು ಎರಡು ನಿಮಿಷದಲ್ಲಿ ಮುಗಿಸಿತ್ತು. ‘ಡ್ರಗ್ಸ್ ತಗೊಂಡು ಸತ್ತಿದ್ದಾರೆ, ಮತ್ತೇನು’ ಎಂದು 2021ರ ನವೆಂಬರಿನಲ್ಲಿ ಎಷ್ಟು ಬಾಯಲ್ಲಿ ಕೇಳಿದೆನೋ ಲೆಕ್ಕವಿಲ್ಲ. ಅದಕ್ಕೆ ಇಂಬು ಕೊಟ್ಟದ್ದು ಗುಂಪಿನಲ್ಲಿ ಯಾರೋ ಸೂಜಿ ಚುಚ್ಚಿ ಮದ್ದು ಕೊಡುತ್ತಿದ್ದಾರೆ ಎಂಬ ಸುದ್ದಿ. ಕೆಲವೇ ದಿನಗಳಲ್ಲಿ ಪೊಲೀಸ್ ಮುಖ್ಯಸ್ಥರೇ ಅದು ನಿಜವಲ್ಲ ಎಂದರು. ಡಿಸೆಂಬರಿನಲ್ಲಿ ಕೌಂಟಿಯ ವೈದ್ಯಕೀಯ ಪರೀಕ್ಷಕರು ಹತ್ತೂ ಸಾವಿಗೆ ಒಂದೇ ಕಾರಣ ಬರೆದರು: ಎದೆ ಒತ್ತಿಹೋಗಿ ಉಸಿರುಕಟ್ಟುವಿಕೆ. ಒಬ್ಬರ ವಿಷಯದಲ್ಲಿ ಮಾತ್ರ ಮಾದಕವಸ್ತುಗಳ ಪರಿಣಾಮವನ್ನು ಹೆಚ್ಚುವರಿ ಕಾರಣವಾಗಿ ನಮೂದಿಸಿದ್ದರು. ಈ ಎರಡನೆಯ ಸುದ್ದಿ ನಮ್ಮ ವಾಟ್ಸಾಪ್ ಗುಂಪುಗಳಿಗೆ ಬಂದದ್ದು ನನಗಂತೂ ನೆನಪಿಲ್ಲ.

ಈ ಸಾವಿನ ಬಗೆಯನ್ನು ಸ್ವಲ್ಪ ವಿವರಿಸಬೇಕು. ವೈದ್ಯನ ಚಾಳಿ ಎಂದು ಓದುಗರು ಸಹಿಸಿಕೊಳ್ಳಲಿ. ಜನರು ಬಿದ್ದು ತುಳಿತಕ್ಕೆ ಸಿಕ್ಕಿ ಸಾಯುತ್ತಾರೆ ಎಂದು ನಾವು ತಿಳಿಯುತ್ತೇವೆ, ಪತ್ರಿಕೆಗಳೂ ‘ಕಾಲ್ತುಳಿತ’ ಎಂದೇ ಬರೆಯುತ್ತವೆ. ಆದರೆ ಇಂಥ ಗುಂಪಿನಲ್ಲಿ ಎಷ್ಟೋ ಜನ ನಿಂತಲ್ಲೇ ಸಾಯುತ್ತಾರೆ. ಉಸಿರು ಒಳಗೆ ಬರಬೇಕಾದರೆ ಪಕ್ಕೆಲುಬು ಹಿಗ್ಗಬೇಕು, ವಪೆ ಕೆಳಗಿಳಿಯಬೇಕು. ಒಂದು ಚದರ ಮೀಟರ್ ಜಾಗದಲ್ಲಿ ಆರೇಳು ಜನ ಸೇರಿದಾಗ ಗುಂಪು ಹೊಳೆಯ ನೀರಿನಂತೆ ಅಲೆಯಲೆಯಾಗಿ ಹರಿಯತೊಡಗುತ್ತದೆ. ಒಳಗಿದ್ದವನಿಗೆ ತನ್ನ ಕಾಲು ಎಲ್ಲಿದೆ ಎಂಬುದೂ ತನ್ನ ಕೈಯಲ್ಲಿರುವುದಿಲ್ಲ. ಒಳಗಿನ ಗಾಳಿ ಹೊರಗೆ ಹೋದರೆ ಮತ್ತೆ ಎಳೆದುಕೊಳ್ಳಲು ಎದೆಗೆ ಎಡೆಯಿಲ್ಲ. ಗಂಟಲು ತೆರೆದೇ ಇದೆ, ಶ್ವಾಸಕೋಶ ಆರೋಗ್ಯವಾಗಿಯೇ ಇದೆ, ಸುತ್ತ ಬೇಕಾದಷ್ಟು ಗಾಳಿಯೂ ಇದೆ. ಕೂಗಲು ಗಾಳಿ ಬೇಕು, ಆದ್ದರಿಂದ ಕೂಗಲೂ ಆಗುವುದಿಲ್ಲ. ಸ್ವಲ್ಪ ಹೊತ್ತಿಗೆ ಪ್ರಜ್ಞೆ ತಪ್ಪುತ್ತದೆ. ಮಿದುಳಿಗೆ ಆಮ್ಲಜನಕವಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಆಗುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ಆ ರಾತ್ರಿ ಅಗ್ನಿಶಾಮಕ ದಳದವರು 9:38ಕ್ಕೆ ಸಾಮೂಹಿಕ ಅಪಘಾತವೆಂದು ಸಾರಿದರು. ಹಾಡು ನಿಂತದ್ದು ಹತ್ತು ಗಂಟೆ ದಾಟಿದ ಮೇಲೆ. ನಡುವಿನ ಆ ಅರ್ಧ ಗಂಟೆ ಎಷ್ಟು ಉದ್ದವೆಂಬುದು ಎಮರ್ಜೆನ್ಸಿ ರೂಮಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಸ್ಕಾಟ್ ತನಗೆ ಏನಾಗುತ್ತಿದೆ ಎಂದು ವೇದಿಕೆಯ ಮೇಲೆ ತಿಳಿಯಲಿಲ್ಲ ಎಂದು ಹೇಳಿದ್ದಾನೆ. ದೀಪ, ಹೊಗೆ, ಕಿವಿಯಲ್ಲಿ ಮಾನಿಟರು; ತಿಳಿಯದಿರಬಹುದು ಎಂದು ನಾನೂ ಒಪ್ಪುತ್ತೇನೆ. ಸತ್ತವರ ಕುಟುಂಬಗಳು ಹೂಡಿದ ದಾವೆಗಳೆಲ್ಲ 2024ರ ಮೇ ಹೊತ್ತಿಗೆ ರಾಜಿಯಲ್ಲಿ ಮುಗಿದವು. ಅದು ಕಾನೂನಿನ ಮಾತು. ಆಲ್ಬಂ ವಿಮರ್ಶೆಗೆ ಕಾನೂನು ಸಾಲದು.

ಹಾಗಾದರೆ ಆಲ್ಬಂ ಹೇಗಿದೆ? ಮೂರು ಸಲ ಕೇಳಿದೆ, ಎರಡು ಸಲ ಹೆಡ್‌ಫೋನ್ ಹಾಕಿಕೊಂಡು. ಶಬ್ದದ ಕಟ್ಟಡ ಭವ್ಯವಾಗಿದೆ. ಇದನ್ನು ಒಪ್ಪಿಕೊಳ್ಳದಿದ್ದರೆ ಪ್ರಾಮಾಣಿಕತೆಯಾಗುವುದಿಲ್ಲ. ಮೊದಲ ಹಾಡು ಎಪ್ಪತ್ತರ ದಶಕದ ಬ್ರಿಟಿಷ್ ರಾಕ್ ತಂಡವಾದ ಜೆಂಟಲ್ ಜೈಂಟ್‌ನ ತುಣುಕೊಂದನ್ನು ಎತ್ತಿಕೊಂಡು ನಗಾರಿಯಂತೆ ಬಡಿಯುತ್ತದೆ. ‘ಮೈ ಐಸ್’ ಎಂಬ ಹಾಡು ಇಡೀ ಆಲ್ಬಮ್ಮಿನಲ್ಲಿ ನನಗೆ ಹಿಡಿಸಿದ್ದು. ಮೊದಲರ್ಧ ನೀರಿನ ಮೇಲೆ ತೇಲುವಂತೆ ಮೆತ್ತಗೆ ಸಾಗಿ, ನಡುವೆ ಒಮ್ಮೆಲೇ ಲಯ ಬದಲಾಗುತ್ತದೆ. ಆ ತಿರುವಿನ ಬಳಿ ಆಸ್ಟ್ರೋವರ್ಲ್ಡ್ ರಾತ್ರಿಯನ್ನು ನೆನಪಿಸುವ ಕೆಲವೇ ಮಾತುಗಳಿವೆ. ಜನರಿಗೆ ತನ್ನ ನೋವು ಗೊತ್ತಿಲ್ಲ ಎಂಬ ಧಾಟಿ. ಮೊಕದ್ದಮೆಗಳು ನಡೆಯುತ್ತಿದ್ದಾಗ ವಕೀಲರು ಇಷ್ಟಕ್ಕೇ ಒಪ್ಪಿರಬಹುದು. ಹಾಡಿನಲ್ಲಿ ಕ್ಷಮೆ ಕೇಳಲಿಲ್ಲ ಎಂಬುದು ನನ್ನ ದೂರಲ್ಲ. ಕ್ಷಮೆ ಕೇಳುವ ಹಾಡುಗಳು ಸಾಮಾನ್ಯವಾಗಿ ಕೆಟ್ಟ ಹಾಡುಗಳು.

ನನ್ನ ದೂರು ‘ಫೀನ್’ ಎಂಬ ಹಾಡಿನ ಬಗ್ಗೆ. ಈ ಆಲ್ಬಮ್ಮಿನಲ್ಲಿ ಜನಕ್ಕೆ ಹುಚ್ಚು ಹಿಡಿಸಿದ ಹಾಡು ಇದೇ. ಬೀದಿಯ ಮಾತಿನಲ್ಲಿ ‘ಫೀನ್’ ಎಂದರೆ ಚಟ ಹತ್ತಿ ಮತ್ತೆ ಬೇಕು, ಮತ್ತೆ ಬೇಕು ಎಂದು ಹಪಹಪಿಸುವವನು. ಹಾಡು ಆ ಒಂದು ಪದವನ್ನೇ ಸುತ್ತಿಗೆಯಂತೆ ಬಡಿಯುತ್ತದೆ. ಕೇಳುವವನ ನಾಡಿ ಏರುವಂತೆ, ಕಾಲು ನೆಲ ಬಿಡುವಂತೆ ಅದನ್ನು ಕಟ್ಟಲಾಗಿದೆ. ಕೆಲಸದಲ್ಲಿ ಕುಶಲತೆ ಇದೆ. ಆಮೇಲಿನ ಪ್ರವಾಸದಲ್ಲಿ ಒಂದೇ ರಾತ್ರಿ ಅದನ್ನೇ ಹಲವು ಸಲ ಹಾಡಿ, ಪ್ರತಿ ಸಲವೂ ಗುಂಪನ್ನು ಇನ್ನಷ್ಟು ಕೆರಳಿಸುವುದು ರೂಢಿಯಾಯಿತು. ಹತ್ತು ಜನ ಸತ್ತ ಮೇಲೆ ಕಲಾವಿದ ತನ್ನ ಕಲೆಯ ಯಾವ ಸಾಮಗ್ರಿಯನ್ನು ಮರಳಿ ನೋಡಿದ ಎಂದು ವಿಮರ್ಶಕ ಕೇಳಬಹುದು. ಗುಂಪಿನ ಉನ್ಮಾದವೇ ಈತನ ಸಾಮಗ್ರಿ, ತಂಬೂರಿಗೆ ತಂತಿಯಿದ್ದಂತೆ. ‘ಯುಟೋಪಿಯಾ’ ಆ ತಂತಿಯನ್ನು ಒಂದಿಷ್ಟೂ ಸಡಿಲಿಸಿಲ್ಲ. ಇದು ನೀತಿಯ ಕೊರತೆ ಎನ್ನುವುದಕ್ಕಿಂತ ಕಲ್ಪನೆಯ ಕೊರತೆ ಎಂದು ನನಗೆ ತೋರುತ್ತದೆ.

ಇಷ್ಟು ಹೇಳಿದೆ ಎಂದು ಹಿಪ್-ಹಾಪನ್ನೇ ತಳ್ಳಿಹಾಕುವವರ ಜೊತೆ ನನ್ನನ್ನು ಸೇರಿಸಬಾರದು. ‘ಇವರು ಒಂದು ಹಾಡಿನಲ್ಲಿ ತಾಯಿಯನ್ನು ಹೊಗಳುತ್ತಾರೆ, ಮುಂದಿನದರಲ್ಲಿ ಹೆಂಗಸರನ್ನು ಬೈಯುತ್ತಾರೆ, ದೇವರನ್ನು ನೆನೆದು ಬಂದೂಕು ತೋರಿಸುತ್ತಾರೆ’ ಎಂಬ ದೂರು ಹಳೆಯದು. ವಿರೋಧಾಭಾಸ ಇದ್ದ ಮಾತ್ರಕ್ಕೆ ಕಲೆ ಕೆಡುವುದಿಲ್ಲ. ತಾಳಮದ್ದಳೆ ಕೇಳಿ ಬೆಳೆದ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರ್ಥಧಾರಿ ದುರ್ಯೋಧನನ ಪರವಾಗಿ ಎರಡು ಗಂಟೆ ವಾದಿಸಿ ಕೃಷ್ಣನ ಬಾಯಿ ಮುಚ್ಚಿಸುತ್ತಾನೆ. ಸಭೆ ಚಪ್ಪಾಳೆ ತಟ್ಟುತ್ತದೆ. ಅವನ ಮನೆಗೆ ಹೆಣ್ಣು ಕೊಡಲು ಯಾರೂ ಹಿಂಜರಿಯುವುದಿಲ್ಲ. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಮೇಳಗಳಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳಗಾಗುವವರೆಗೆ ಒಬ್ಬರನ್ನೊಬ್ಬರು ಹಾಡಿನಲ್ಲೇ ಹಂಗಿಸುತ್ತಾರಲ್ಲ, ಇಲ್ಲಿನ ರ‍್ಯಾಪ್ ಕಾಳಗಕ್ಕೂ ಅದಕ್ಕೂ ಬಹಳ ದೂರವಿಲ್ಲ.

ಒಂದು ವ್ಯತ್ಯಾಸವಿದೆ. ಅರ್ಥಧಾರಿ ಬೆಳಿಗ್ಗೆ ಬಸ್ ಹತ್ತುವಾಗ ದುರ್ಯೋಧನನನ್ನು ಚಾವಡಿಯಲ್ಲೇ ಬಿಟ್ಟು ಹೋಗುತ್ತಾನೆ. ರ‍್ಯಾಪಿನಲ್ಲಿ ‘ನಾನು ಹಾಡಿದ್ದೆಲ್ಲ ಬದುಕಿದ್ದು’ ಎಂಬ ಹೆಗ್ಗಳಿಕೆಯೇ ಬಂಡವಾಳ. ನಿಜವೆಂದು ಮಾರುವುದು, ಸಿಕ್ಕಿಬಿದ್ದಾಗ ಪಾತ್ರವೆನ್ನುವುದು: ಅಭಿಮಾನಿಗಳು ಈ ಜಾಗದಲ್ಲೇ ಪದೇಪದೇ ಎಡವುತ್ತಾರೆ.

ಹ್ಯೂಸ್ಟನ್ನಿನವರೇ ಆದ ಗೆಟೋ ಬಾಯ್ಸ್ ತಂಡವನ್ನು ನೋಡಿ. 1990ರಲ್ಲಿ ಇವರ ಆಲ್ಬಂ ಎಷ್ಟು ಕ್ರೂರವಾಗಿತ್ತೆಂದರೆ ಗೆಫೆನ್ ಎಂಬ ದೊಡ್ಡ ಕಂಪನಿ ಹಂಚಲು ನಿರಾಕರಿಸಿತು. ನಾನೂ ಆ ಹಾಡುಗಳನ್ನು ಪೂರ್ತಿ ಕೇಳಲಾರೆ. ಮರುವರ್ಷವೇ ಅದೇ ತಂಡ ‘ಮೈಂಡ್ ಪ್ಲೇಯಿಂಗ್ ಟ್ರಿಕ್ಸ್ ಆನ್ ಮಿ’ ಎಂಬ ಹಾಡು ತಂದಿತು. ಬಂದೂಕಿನ ಬಡಾಯಿ ಕೊಚ್ಚುತ್ತಿದ್ದ ಅದೇ ಗಂಡಸರು ಇಲ್ಲಿ ನಿದ್ದೆ ಬಾರದೆ, ಯಾರೋ ಹಿಂದೆ ಬರುತ್ತಿದ್ದಾರೆಂದು ಹೆದರಿ, ಸಾಯುವ ಯೋಚನೆ ಮಾಡುತ್ತ ಕೂತಿದ್ದಾರೆ. ತಂಡದ ಸ್ಕಾರ್‌ಫೇಸ್ ಚಿಕ್ಕಂದಿನಲ್ಲೇ ಖಿನ್ನತೆಯಿಂದ ಬಳಲಿ ಮಾನಸಿಕ ಚಿಕಿತ್ಸೆಗೆ ಆಸ್ಪತ್ರೆಯಲ್ಲಿದ್ದವನು. ಅದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ರೋಗಿ ತನ್ನ ಬಾಯಿಂದಲೇ ಹೇಳುವ ರೋಗಲಕ್ಷಣವನ್ನು ಇಷ್ಟು ನಿಚ್ಚಳವಾಗಿ ನಾನು ಬೇರಾವ ಹಾಡಿನಲ್ಲೂ ಕೇಳಿಲ್ಲ. ಮನೋರೋಗ ಕಲಿಯುವ ವಿದ್ಯಾರ್ಥಿಗಳಿಗೆ ಕೇಳಿಸಬೇಕಾದ ಹಾಡು ಅದು. (ಇದೇ ಸ್ಕಾರ್‌ಫೇಸ್‌ಗೆ 2020ರಲ್ಲಿ ಕೋವಿಡ್ ಬಂದು ಮೂತ್ರಪಿಂಡಗಳು ಹೋದವು, ಮರುವರ್ಷ ಮಗನೇ ಒಂದು ಮೂತ್ರಪಿಂಡ ಕೊಟ್ಟ.) ಹಿಂದಿನ ವರ್ಷದ ಕ್ರೌರ್ಯ ಇಲ್ಲದಿದ್ದರೆ ಈ ಹೆದರಿಕೆಗೆ ಇಷ್ಟು ತೂಕ ಬರುತ್ತಿರಲಿಲ್ಲ. ಇಲ್ಲಿ ವಿರೋಧಾಭಾಸವೇ ಹಾಡಿನ ಜೀವ.

ಅದೇ 1991ರ ಆಲ್ಬಮ್ಮಿನ ಮುಖಪುಟ ಮಾತ್ರ ನನ್ನ ಮನಸ್ಸಿಗೆ ಇಂದಿಗೂ ಒಗ್ಗಿಲ್ಲ. ತಂಡದ ಬುಶ್‌ವಿಕ್ ಬಿಲ್ ಕಣ್ಣಿಗೆ ಗುಂಡು ತಗುಲಿ ಆಸ್ಪತ್ರೆಯಲ್ಲಿದ್ದ. ಜೊತೆಗಾರರು ಅವನನ್ನು ಗಾಲಿಮಂಚದ ಮೇಲೆ ಕೂರಿಸಿ, ಕಣ್ಣಿನ ಗಾಯ ಕಾಣುವಂತೆ ಫೋಟೋ ತೆಗೆಸಿ ಅದನ್ನೇ ಮುಖಪುಟ ಮಾಡಿದರು. ಆಲ್ಬಂ ಚೆನ್ನಾಗಿ ಮಾರಾಟವಾಯಿತು. ಆ ಚಿತ್ರ ನೋಡಿದರೆ ಈಗಲೂ ನೋವಾಗುತ್ತದೆ ಎಂದು ಬಿಲ್ ಮುಂದೆ ಹೇಳಿಕೊಂಡ. 2019ರಲ್ಲಿ ಪ್ಯಾಂಕ್ರಿಯಾಸ್ ಕ್ಯಾನ್ಸರಿನಿಂದ ತೀರಿಕೊಂಡ. ಗಾಯದ ಮತ್ತು ಮದ್ದಿನ ಮಂಪರಿನಲ್ಲಿರುವ ರೋಗಿಯ ಒಪ್ಪಿಗೆಯನ್ನು ನಾವು ವೈದ್ಯರು ಒಪ್ಪಿಗೆ ಎನ್ನುವುದಿಲ್ಲ. ಹಾಡಿನೊಳಗಿನ ಹಿಂಸೆಯನ್ನು ನಾನು ಸಹಿಸಬಲ್ಲೆ. ಹಾಡಿಗಾಗಿ ಒಬ್ಬ ಜೀವಂತ ಮನುಷ್ಯನ ಗಾಯವನ್ನು ಬಳಸಿಕೊಂಡದ್ದನ್ನು ಸಹಿಸಲಾರೆ. ನನ್ನ ಅಳತೆಗೋಲು ಇಷ್ಟೇ: ಹಾಡುಗಾರನ ಮಾತಿನಲ್ಲಿ ಹೊಂದಾಣಿಕೆ ಇದೆಯೋ ಇಲ್ಲವೋ ಎನ್ನುವುದಕ್ಕಿಂತ, ಆ ಹೊಂದಾಣಿಕೆ ಇಲ್ಲದ್ದಕ್ಕೆ ಬೆಲೆ ತೆತ್ತವರು ಯಾರು?

ಈ ಅಳತೆಗೋಲು ಹಿಡಿದು ನೋಡಿದರೆ ನಮ್ಮೂರಿನ ಸಂಗೀತದ ಅತಿ ದುಃಖದ ಅಧ್ಯಾಯ ಕೆಮ್ಮಿನ ಸಿರಪ್ಪಿನದು. ಡಿಜೆ ಸ್ಕ್ರೂ ಎಂಬ ರಾಬರ್ಟ್ ಅರ್ಲ್ ಡೇವಿಸ್ ತೊಂಬತ್ತರ ದಶಕದಲ್ಲಿ ಹ್ಯೂಸ್ಟನ್ನಿನ ದಕ್ಷಿಣ ಭಾಗದ ಮನೆಯಲ್ಲಿ ಕೂತು ಹಾಡುಗಳ ವೇಗ ತಗ್ಗಿಸಿ, ದನಿಗಳನ್ನು ಜೇನಿನಂತೆ ಎಳೆದು, ಕ್ಯಾಸೆಟ್ ಮಾಡಿ ಮಾರುತ್ತಿದ್ದ. ವಿಲಂಬಿತ ಲಯದ ರುಚಿ ಬಲ್ಲ ನಮ್ಮಂಥ ಹಿಂದೂಸ್ತಾನಿ ಸಂಗೀತದ ಕೇಳುಗರಿಗೆ ಅದರಲ್ಲಿ ಏನೋ ಇದೆ ಎಂದು ತಕ್ಷಣ ತಿಳಿಯುತ್ತದೆ. ಅವನ ಗ್ರಾಮಫೋನ್ ತಟ್ಟೆಗಳ ಸಂಗ್ರಹ ಇಂದು ಯೂನಿವರ್ಸಿಟಿ ಆಫ್ ಹ್ಯೂಸ್ಟನ್ ಗ್ರಂಥಾಲಯದಲ್ಲಿದೆ. ಈ ಸಂಗೀತದ ಜೊತೆಗೇ ಬೆಳೆದದ್ದು ಕೊಡೀನ್ ಮತ್ತು ಪ್ರೊಮೆಥಜಿನ್ ಇರುವ ನೇರಳೆ ಬಣ್ಣದ ಕೆಮ್ಮಿನ ಔಷಧವನ್ನು ಸೋಡಾಕ್ಕೆ ಬೆರೆಸಿ ಕುಡಿಯುವ ಚಟ. 2000ದ ನವೆಂಬರ್ 16ರಂದು ಸ್ಕ್ರೂ ತೀರಿಕೊಂಡಾಗ ಅವನಿಗೆ 29 ವರ್ಷ. ಕಾರಣ, ಕೊಡೀನ್ ಮತ್ತಿತರ ಮಾದಕಗಳ ಅತಿಸೇವನೆ. ಅದೇ ವರ್ಷ ಮೆಂಫಿಸ್ಸಿನ ತಂಡವೊಂದು ಸಿರಪ್ ಹೀರುವುದನ್ನೇ ಕೊಂಡಾಡುವ ಹಾಡು ತಂದು ಹೆಸರು ಮಾಡಿತು. ಅದರಲ್ಲಿ ದನಿಗೂಡಿಸಿದ್ದ ಪೋರ್ಟ್ ಆರ್ಥರಿನ ಪಿಂಪ್ ಸಿ 2007ರ ಡಿಸೆಂಬರಿನಲ್ಲಿ 33ನೇ ವಯಸ್ಸಿಗೆ ಹೋಟೆಲ್ ಕೋಣೆಯಲ್ಲಿ ಸತ್ತ. ಮರಣೋತ್ತರ ಪರೀಕ್ಷೆ ಹೇಳಿದ್ದು: ಅದೇ ಸಿರಪ್ಪು, ಜೊತೆಗೆ ಅವನಿಗಿದ್ದ ಸ್ಲೀಪ್ ಆಪ್ನಿಯಾ.

ಕೊಡೀನ್ ಯಕೃತ್ತಿನಲ್ಲಿ ಮಾರ್ಫಿನ್ ಆಗಿ ಬದಲಾಗುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಈ ಬದಲಾವಣೆ ಬಹಳ ವೇಗವಾಗಿರುತ್ತದೆ, ಅದು ಅವರಿಗೂ ಗೊತ್ತಿರುವುದಿಲ್ಲ. ಮಾರ್ಫಿನ್ ಉಸಿರಾಟದ ಕೇಂದ್ರವನ್ನು ತೂಕಡಿಸುವಂತೆ ಮಾಡುತ್ತದೆ. ಪ್ರೊಮೆಥಜಿನ್ ಅದರ ಮೇಲೆ ಇನ್ನೊಂದು ಕಂಬಳಿ ಹೊದಿಸುತ್ತದೆ. ಗೊರಕೆಯ ನಡುವೆ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ ರೋಗಿಯನ್ನು ರಾತ್ರಿ ಮತ್ತೆ ಮತ್ತೆ ಎಬ್ಬಿಸಿ ಕಾಪಾಡುವುದು ಮಿದುಳಿನ ಎಚ್ಚರ. ಆ ಎಚ್ಚರವನ್ನೇ ಮಲಗಿಸಿದರೆ ಏನಾಗುತ್ತದೆ ಎಂಬುದು ಪಿಂಪ್ ಸಿಯ ಕೋಣೆಯಲ್ಲಿ ಆಯಿತು. ಈ ದುರುಪಯೋಗ ಎಷ್ಟು ಬೆಳೆಯಿತೆಂದರೆ 2014ರಲ್ಲಿ ಆಕ್ಟಾವಿಸ್ ಕಂಪನಿ ತನ್ನ ಆ ಸಿರಪ್ ತಯಾರಿಕೆಯನ್ನೇ ನಿಲ್ಲಿಸಿತು. ಆದರೂ ಹಾಡುಗಳಲ್ಲಿ ಅದರ ಹೆಸರು ನಿಲ್ಲಲಿಲ್ಲ. ಸ್ಕಾಟ್‌ನ 2018ರ ಆಲ್ಬಮ್ಮಿನಲ್ಲಿ ಸ್ಕ್ರೂಗೆ ಶ್ರದ್ಧಾಂಜಲಿಯಾಗಿ ಒಂದು ಇಡೀ ಹಾಡೇ ಇದೆ. ಗುರುವಿಗೆ ದೀಪ ಹಚ್ಚುವುದು, ಗುರುವನ್ನು ಕೊಂದದ್ದನ್ನು ಸೊಬಗೆಂದು ಹಾಡುವುದು, ಎರಡೂ ಈ ಪರಂಪರೆಯಲ್ಲಿ ಒಟ್ಟಿಗೇ ನಡೆದಿವೆ. ಈ ಹೊಂದಾಣಿಕೆ ಇಲ್ಲದ್ದನ್ನು ನಾನು ಕ್ಷಮಿಸಲಾರೆ, ಏಕೆಂದರೆ ಬೆಲೆ ತೆತ್ತವರು ಕೇಳುಗರೊಳಗಿನ ಹದಿನೇಳು ಹದಿನೆಂಟರ ಹುಡುಗರು. ಹಾಡೇ ಚಟಕ್ಕೆ ಕಾರಣ ಎನ್ನುವಷ್ಟು ಸರಳವೂ ಅಲ್ಲ ಬಿಡಿ. ಭಾರತದಲ್ಲಿ ನಮ್ಮ ಕಾಲದ ಹಾಸ್ಟೆಲುಗಳಲ್ಲಿ ಕೋರೆಕ್ಸ್ ಬಾಟಲಿಗಳು ಖಾಲಿಯಾಗುತ್ತಿದ್ದವು. ಕೋರೆಕ್ಸ್ ಮೇಲೆ ಯಾರೂ ಪದ ಕಟ್ಟಿರಲಿಲ್ಲ.

ಇನ್ನೊಂದು ಪ್ರಕರಣವನ್ನು ಹೇಳದೆ ಬಿಟ್ಟರೆ ನಮ್ಮ ಹೆಣ್ಣುಮಕ್ಕಳು ಸುಮ್ಮನಿರಲಾರರು. ಹ್ಯೂಸ್ಟನ್ನಿನ ಮೇಗನ್ ದಿ ಸ್ಟ್ಯಾಲಿಯನ್, ಟೆಕ್ಸಸ್ ಸದರ್ನ್ ಯೂನಿವರ್ಸಿಟಿಯಲ್ಲಿ ಆರೋಗ್ಯ ಆಡಳಿತ ಓದಿ 2021ರಲ್ಲಿ ಪದವಿ ಪಡೆದವಳು. 2020ರ ಜುಲೈಯಲ್ಲಿ ಅವಳ ಪಾದಕ್ಕೆ ಗುಂಡು ಹಾರಿಸಿದವನು ಇನ್ನೊಬ್ಬ ರ‍್ಯಾಪರ್ ಟೋರಿ ಲೇನ್ಸ್ ಎಂದು 2022ರ ಡಿಸೆಂಬರಿನಲ್ಲಿ ನ್ಯಾಯಾಲಯದಲ್ಲಿ ಸಾಬೀತಾಯಿತು. ‘ಯುಟೋಪಿಯಾ’ ಬಂದ ಎರಡು ವಾರದೊಳಗೆ ಹತ್ತು ವರ್ಷ ಶಿಕ್ಷೆಯಾಯಿತು. ಅಷ್ಟರವರೆಗೂ, ಆಮೇಲೂ, ಅಭಿಮಾನಿಗಳ ದೊಡ್ಡ ಗುಂಪು ಅವಳನ್ನೇ ಸುಳ್ಳುಗಾತಿ ಎಂದಿತು. ಪೊಲೀಸರ ದೌರ್ಜನ್ಯದ ವಿರುದ್ಧ ಹಾಡು ಕೇಳಿ ಮುಷ್ಟಿ ಎತ್ತುವವರೇ ಗುಂಡು ತಿಂದ ಹೆಂಗಸನ್ನು ಗೇಲಿ ಮಾಡಿದರು. ‘ಅವಳ ಹಾಡಿನ ಭಾಷೆ ಕೇಳಿದ್ದೀರಾ?’ ಎಂದು ನಮ್ಮ ಬಳಗದ ಒಬ್ಬರು ಹಿರಿಯರು ನನ್ನನ್ನು ಕೇಳಿದರು. ಕೇಳಿದ್ದೇನೆ. ಪಾದದಿಂದ ಗುಂಡಿನ ಚೂರು ತೆಗೆಯುವ ಸರ್ಜನ್ ಮೊದಲು ಹಾಡಿನ ಭಾಷೆ ಪರಿಶೀಲಿಸುವುದಿಲ್ಲ.

ಈಗ ನಮ್ಮ ಕಡೆಗೆ ತಿರುಗೋಣ. ಹಿಪ್-ಹಾಪ್ ಅಭಿಮಾನಿಗಳಿಗೆ ಎರಡು ತಕ್ಕಡಿ ಎನ್ನುವ ನಮಗೆ ಎಷ್ಟು ತಕ್ಕಡಿ? ಕನ್ನಡದಲ್ಲೂ ರ‍್ಯಾಪ್ ಇದೆ, ಚೆನ್ನಾಗಿಯೇ ಬೆಳೆದಿದೆ. ಚಂದನ್ ಶೆಟ್ಟಿ ಅವರ ‘ತ್ರೀ ಪೆಗ್’ ಬಂದಾಗಿನಿಂದ ಮದುವೆಯ ಆರತಕ್ಷತೆಯಿಂದ ಹಿಡಿದು ನಮ್ಮ ಸಂಘದ ಸಂಜೆಗಳವರೆಗೆ ಅದು ಮೊಳಗದ ಜಾಗವಿಲ್ಲ. ಏಳು ವರ್ಷದ ಮಕ್ಕಳು ಅದಕ್ಕೆ ಕುಣಿದು ಬಹುಮಾನ ಪಡೆದಿದ್ದಾರೆ. ಗಾಂಜಾ ಕುರಿತ ಹಾಡಿಗಾಗಿ 2018ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಅವರಿಗೆ ನೋಟಿಸ್ ಕೊಟ್ಟಾಗ ನಮ್ಮಲ್ಲಿ ಅದೊಂದು ತಮಾಷೆಯ ಸುದ್ದಿಯಾಗಿತ್ತು. 2020ರ ಆಗಸ್ಟಿನಲ್ಲಿ ಅವರು ‘ಕೋಲುಮಂಡೆ’ ತಂದರು. ಮಲೆ ಮಹದೇಶ್ವರನ ಜನಪದ ಹಾಡಿನ ಹೊಸ ರೂಪ. ಅದರ ವಿಡಿಯೋದಲ್ಲಿ ಶರಣೆ ಸಂಕಮ್ಮನ ಉಡುಗೆ ಭಕ್ತರಿಗೆ ಸರಿಬರಲಿಲ್ಲ. ಕೆಲವೇ ದಿನಗಳಲ್ಲಿ ಕ್ಷಮಾಪಣೆ ಬಂತು, ವಿಡಿಯೋ ಹಿಂದಕ್ಕೆ ಹೋಯಿತು. ಭಕ್ತರ ನೋವು ಸಣ್ಣದೆಂದು ನಾನು ಹೇಳುತ್ತಿಲ್ಲ. ಆ ಕಥೆಯನ್ನು ತಲೆತಲಾಂತರದಿಂದ ಹಾಡಿಕೊಂಡು ಬಂದ ಕಂಸಾಳೆಯವರಿಗೆ ಅದರ ಮೇಲೆ ಹಕ್ಕಿದೆ. ಆದರೆ ಯಕೃತ್ತಿನ ರೋಗಿಗಳನ್ನು ಮೂವತ್ತು ವರ್ಷ ನೋಡಿದ ನನಗೆ, ಉಡುಗೆ ಕಂಡ ಕಣ್ಣಿಗೆ ಪೆಗ್ಗು ಏಕೆ ಕಾಣಲಿಲ್ಲ ಎಂದು ಅನಿಸದೆ ಇರುವುದಿಲ್ಲ. ‘ಯುಟೋಪಿಯಾ’ಕ್ಕೂ ಇಂಥದ್ದೇ ಒಂದು ಅಡ್ಡಿ ಬಂದಿತ್ತು. ಗೀಜಾ ಪಿರಮಿಡ್ಡುಗಳ ಬಳಿ ನಡೆಯಬೇಕಿದ್ದ ಅದರ ಬಿಡುಗಡೆ ಕಾರ್ಯಕ್ರಮಕ್ಕೆ ಈಜಿಪ್ಟಿನ ಸಂಗೀತಗಾರರ ಸಂಘ ‘ನಮ್ಮ ಸಂಪ್ರದಾಯಕ್ಕೆ ಒಗ್ಗದು’ ಎಂದು ತಕರಾರು ತೆಗೆಯಿತು. ಆಯೋಜಕರು ಸಿದ್ಧತೆಯ ತೊಡಕು ಎಂದು ಹೇಳಿ ಕೈಬಿಟ್ಟರು. ಸಂಪ್ರದಾಯದ ಮಾತು ಊರೂರಿನಲ್ಲೂ ಬೇಗ ನಾಲಗೆಗೆ ಬರುತ್ತದೆ.

2025ರ ಜೂನ್ 4ರ ಸಂಜೆ ನಮ್ಮ ಬೆಂಗಳೂರಿನಲ್ಲೇ ಅದು ನಡೆಯಿತು. ಹದಿನೆಂಟನೇ ಐಪಿಎಲ್‌ನಲ್ಲಿ ಆರ್‌ಸಿಬಿ ಮೊದಲ ಬಾರಿಗೆ ಕಪ್ ಗೆದ್ದಿತ್ತು. ಸುಮಾರು 35,000 ಜನ ಹಿಡಿಯುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಗೇಟುಗಳ ಬಳಿ 11 ಜನ ಸತ್ತರು, 50ಕ್ಕೂ ಹೆಚ್ಚು ಮಂದಿಗೆ ಪೆಟ್ಟಾಯಿತು. ಎಲ್ಲರೂ ಹದಿಹರೆಯದಿಂದ ಮೂವತ್ತರ ಆಸುಪಾಸಿನ ವಯಸ್ಸಿನವರು. ಹೊರಗೆ ಹೆಣ ಎತ್ತುತ್ತಿದ್ದಾಗ ಒಳಗೆ ಸಂಭ್ರಮ ನಡೆದಿತ್ತು. ಒಳಗಿದ್ದವರಿಗೆ ಗೊತ್ತಿರಲಿಲ್ಲ ಎಂಬ ಉತ್ತರವೂ ಬಂತು. ಪೊಲೀಸರು ಫ್ರಾಂಚೈಸಿ ಎಂದರು, ಫ್ರಾಂಚೈಸಿ ವ್ಯವಸ್ಥೆ ಎಂದಿತು, ತನಿಖಾ ಆಯೋಗ ರಚನೆಯಾಯಿತು. ಸತ್ತವರ ಕುಟುಂಬಕ್ಕೆ ತಲಾ 25 ಲಕ್ಷ ರೂಪಾಯಿ ಕೊಡುವುದಾಗಿ ಸರ್ಕಾರ ಹೇಳಿತು. ತಂಡವೂ ಅಷ್ಟೇ ಮೊತ್ತ ಘೋಷಿಸಿತು. ಎನ್‌ಆರ್‌ಜಿ ಪಾರ್ಕಿನ ಕಥೆ ಹೆಸರು ಬದಲಿಸಿಕೊಂಡು ಬಂದಂತಿತ್ತು.

ಆ ವಾರದ ನಮ್ಮ ಭಾನುವಾರದ ಕೂಟದಲ್ಲಿ ಕೆಂಪು ಜೆರ್ಸಿ ತೊಟ್ಟು ಬಂದವರು ಕಡಿಮೆಯಿರಲಿಲ್ಲ. ಯಾರೋ ಒಂದು ನಿಮಿಷ ಮೌನ ಎಂದರು, ಆಚರಿಸಿದೆವು, ಕೇಕ್ ಕತ್ತರಿಸಿದೆವು. ಆಗ ‘ಯುಟೋಪಿಯಾ’ದ ವಾದದಲ್ಲಿ ಕಾನ್ಯೆ ವೆಸ್ಟ್‌ನ ಮಾತೆತ್ತಿದ್ದ ಹುಡುಗಿ ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದಳು: ‘ಅಂಕಲ್, ನಾವು ಟ್ರಾವಿಸ್ ಕೇಳಿದರೆ ಅಮ್ಮ ಬೈತಾರೆ, ಹತ್ತು ಜನ ಸತ್ತಿದ್ದಾರೆ ಅಂತ. ಈ ಜೆರ್ಸಿಗೆ?’ ಕ್ರಿಕೆಟ್ಟಿನವರು ಜನರನ್ನು ಬೇಲಿ ಹಾರಲು ಹುರಿದುಂಬಿಸಿರಲಿಲ್ಲ ಎಂದು ನಾನು ಹೇಳಿದೆ. ಅದು ನಿಜವಾದ ವ್ಯತ್ಯಾಸವೇ. ಅವಳು ಒಪ್ಪಿದಳು. ಆದರೆ ಪ್ರವೇಶದ ಬಗ್ಗೆ ಗೊಂದಲವಿದ್ದಾಗಲೂ ಎಲ್ಲರೂ ಬನ್ನಿ ಎಂದು ಕರೆದದ್ದು ಹುರಿದುಂಬಿಸುವುದಲ್ಲವೇ ಎಂದಳು. ಕರೆದವರು ಬೇರೆ, ಆಡಿದವರು ಬೇರೆ ಎಂದೆ. ಹಾಡಿದವನು ಮತ್ತು ಟಿಕೆಟ್ ಮಾರಿದವರು ಬೇರೆ ಎಂದು ನಮ್ಮ ಗುಂಪಿನ ಹುಡುಗ ಅಂದು ಹೇಳಿದ್ದು ಇದನ್ನೇ ಅಲ್ಲವೇ ಎಂದಳು. ಅಷ್ಟರಲ್ಲಿ ಊಟಕ್ಕೆ ಕರೆ ಬಂತು.

ಈ ವರ್ಷದ ರಾಜ್ಯೋತ್ಸವದ ರಾತ್ರಿ ಕೊನೆಯ ಒಂದು ಗಂಟೆ ಯುವಕರ ಡಿಜೆ ಕುಣಿತವಿದೆ. ಹಾಡುಗಳ ಪಟ್ಟಿ ಕಾರ್ಯಕಾರಿ ಸಮಿತಿಯ ಮುಂದೆ ಬಂದಿತ್ತು. ಸಲಹೆಗಾರನೆಂದು ನನಗೂ ಒಂದು ಪ್ರತಿ ಕಳಿಸಿದ್ದರು. ‘ಫೀನ್’ ಮೇಲೆ ಯಾರೋ ಕೆಂಪು ಗೆರೆ ಎಳೆದಿದ್ದಾರೆ, ಕಾರಣ ಬರೆದಿಲ್ಲ. ‘ತ್ರೀ ಪೆಗ್’ ಹಾಗೇ ಇದೆ, ಆರ್‌ಸಿಬಿ ಹಾಡೂ ಇದೆ. ನಾನು ನನ್ನ ಅಭಿಪ್ರಾಯವನ್ನು ಪಟ್ಟಿಯ ಕೆಳಗೇ ಬರೆದು ಕಳಿಸಿದ್ದೇನೆ. ‘ಫೀನ್’ ತೆಗೆಯುವುದಾದರೆ ‘ತ್ರೀ ಪೆಗ್’ ಕೂಡ ತೆಗೆಯಬೇಕು. ಒಂದನ್ನು ಇಟ್ಟರೆ ಎರಡನ್ನೂ ಇಡಬೇಕು. ಯಾವುದನ್ನು ಇಟ್ಟರೂ ಕುಣಿತದ ಜಾಗದ ಎರಡೂ ಕಡೆಯ ಬಾಗಿಲು ತೆರೆದಿರಲಿ, ಅವುಗಳ ಮುಂದೆ ಪ್ರಸಾದದ ಮೇಜು ಹಾಕುವುದು ಬೇಡ, ಮತ್ತು ಡಿಜೆ ಪಕ್ಕದಲ್ಲಿ ಹಾಡು ನಿಲ್ಲಿಸುವ ಅಧಿಕಾರ ಇರುವ ಒಬ್ಬ ದೊಡ್ಡವರು ಕೊನೆಯವರೆಗೂ ನಿಂತಿರಲಿ. ಸಮಿತಿಯ ಉತ್ತರ ಇನ್ನೂ ಬಂದಿಲ್ಲ.